ಡಿಸ್ಕಿಗೂ ಒಂದು ಪೋಡಿ

ಡೆಬಿಯನ್ ಹಾಕುವಾಗ ಭಾಷೆ, ದೇಶ, ಪಾಸ್‌ವರ್ಡ್ ಎಲ್ಲ ಮುಗಿದ ಮೇಲೆ ಡಿಸ್ಕಿನ ಸರದಿ ಬರುತ್ತದೆ. ಇಡೀ ಡಿಸ್ಕ್ ತೆಗೆದುಕೋ ಎಂದರೆ ಮುಂದಿನದನ್ನು ಇನ್‌ಸ್ಟಾಲರ್ ತಾನೇ ನೋಡಿಕೊಳ್ಳುತ್ತದೆ. ಅಲ್ಲಿ ಬರುವ ಆಯ್ಕೆಗಳ ಪಟ್ಟಿಯ ಕೊನೆಗೆ ‘ಮ್ಯಾನುಯಲ್’ ಅಂತ ಒಂದು ಸಾಲಿದೆ. ಹೆಚ್ಚಿನವರು ಅದರ ತಂಟೆಗೆ ಹೋಗುವುದಿಲ್ಲ. ನನಗೆ ಹಬ್ಬ ಶುರುವಾಗುವುದೇ ಅಲ್ಲಿಂದ.

ಜಮೀನು ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಡಿಸ್ಕ್ ಎಂದರೆ ಹೊಲ, ಪಾರ್ಟಿಷನ್ ಮಾಡುವುದೆಂದರೆ ಪೋಡಿ. ಯಾವ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಡುವ ಪಾರ್ಟಿಷನ್ ಟೇಬಲ್ಲೇ ಪಹಣಿ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಮೊದಲ ಸೆಕ್ಟರಿನ 512 ಬೈಟ್‌ಗಳ ಪೈಕಿ ಈ ಪಹಣಿಗೆ ದಕ್ಕುತ್ತಿದ್ದದ್ದು ಬರೀ 64. ಒಂದೊಂದು ತುಂಡಿನ ವಿವರಕ್ಕೆ 16 ಬೈಟ್ ಬೇಕು, ಅದಕ್ಕೇ ನಾಲ್ಕರ ಮೇಲೆ ಪ್ರೈಮರಿ ಪಾರ್ಟಿಷನ್ ಇಲ್ಲ. ಈಗಿನ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ತುಂಡಿಗೆ ಜಾಗವಿದೆ, ಡಿಸ್ಕಿನ ಕೊನೆಯಲ್ಲಿ ಪಹಣಿಯ ಒಂದು ನಕಲೂ ಇರುತ್ತದೆ.

ನನ್ನ ಲ್ಯಾಪ್‌ಟಾಪಿನ ಪಾಲುಪಟ್ಟಿ ಹೀಗಿದೆ. 512 ಜಿಬಿ ಡಿಸ್ಕ್, 1024ರ ಲೆಕ್ಕದಲ್ಲಿ ಅಳೆದರೆ ಸಿಗುವುದು ಸುಮಾರು 476. ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಷನ್ನಿಗೆ ಅರ್ಧ ಜಿಬಿ. ರೂಟಿಗೆ 50. ರ‍್ಯಾಮ್ 16 ಜಿಬಿ, ಹೈಬರ್ನೇಟ್ ಮಾಡುವ ಚಟ ಬೇರೆ ಇರುವುದರಿಂದ ಸ್ವಾಪಿಗೂ 16. ಉಳಿದದ್ದೆಲ್ಲ ಹೋಮ್. ಈ ಹೋಮ್ ಬೇರೆಯಾಗಿರಲೇಬೇಕು. ನಾಳೆ ಸಿಸ್ಟಮ್ ಹಾಳಾದರೆ ರೂಟನ್ನು ಮಾತ್ರ ಒರೆಸಿ ಮತ್ತೆ ಹಾಕಬಹುದು. ಫೋಟೋ, ಹಾಡು, ಅರ್ಧ ಬರೆದ ಅಂಕಣ ಎಲ್ಲವೂ ಇದ್ದಲ್ಲೇ ಇರುತ್ತವೆ.

ಮ್ಯಾನುಯಲ್‌ಗೆ ಹೋದವರಿಗೆ ಕಾಣುವ ಒಂದು ಸಾಲು ಇಲ್ಲಿದೆ: ‘ರಿಸರ್ವ್ಡ್ ಬ್ಲಾಕ್ಸ್, 5%’. ಡಿಸ್ಕ್ ತುಂಬಿದರೂ ರೂಟ್ ಯೂಸರ್‌ನ ಕೆಲಸ ನಿಲ್ಲಬಾರದೆಂದು ಎಕ್ಸ್‌ಟಿ4 ಎತ್ತಿಡುವ ಪಾಲು ಅದು. ರೂಟ್ ಪಾರ್ಟಿಷನ್ನಿಗೆ ಇದು ನ್ಯಾಯವೇ. ಆದರೆ 400 ಜಿಬಿಯ ಹೋಮ್‌ನಲ್ಲಿ 20 ಜಿಬಿ ಸುಮ್ಮನೆ ಬೀಳು ಬಿಟ್ಟಂತೆ. ನಾನು ಅಲ್ಲಿ 1ಕ್ಕೆ ಇಳಿಸುತ್ತೇನೆ.

ವಿಂಡೋಸ್ ಜೊತೆಗಿದ್ದರೆ ಇನ್ನೊಂದು ಎಚ್ಚರ. ಈಗಾಗಲೇ ಇರುವ ಇಎಫ್‌ಐ ಪಾರ್ಟಿಷನ್ನನ್ನೇ ಬಳಸಿ, ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ ಏಳುವುದೂ ಅದೇ ಬಾಗಿಲಿನಿಂದ.

ಇಷ್ಟು ಹೇಳುವ ನಾನೂ ಒಮ್ಮೆ ಎಡವಿದವನೇ. ರಾತ್ರಿ ಹನ್ನೊಂದರ ಮೇಲೆ, ನಿದ್ದೆಗಣ್ಣಲ್ಲಿ, ಎಫ್‌ಡಿಸ್ಕ್‌ನಲ್ಲಿ ಅಳಿಸಬೇಕಾದ ತುಂಡು ಬಿಟ್ಟು ಹೋಮನ್ನೇ ಅಳಿಸಿ ‘ಡಬ್ಲ್ಯೂ’ ಒತ್ತಿದೆ. ಅದುವರೆಗೆ ಎಲ್ಲವೂ ಮೆಮೊರಿಯಲ್ಲೇ ಇತ್ತು, ‘ಕ್ಯೂ’ ಒತ್ತಿ ಹೊರಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಎದೆ ಧಸಕ್ಕೆಂದಿತು. ಕಾಪಾಡಿದ್ದು ಹಾಲಿನ ಲೆಕ್ಕ ಬರೆಯುವ ಪುಸ್ತಕ. ಕೆಲಸ ಶುರು ಮಾಡುವ ಮುಂಚೆ ಅದರ ಹಿಂಬದಿಯಲ್ಲಿ ಪ್ರತಿ ತುಂಡಿನ ಮೊದಲ ಮತ್ತು ಕೊನೆಯ ಸೆಕ್ಟರ್ ಗೀಚಿಕೊಂಡಿದ್ದೆ. ಅವೇ ಸಂಖ್ಯೆ ಕೊಟ್ಟು ಹೊಸ ಪಾರ್ಟಿಷನ್ ಮಾಡಿದೆ. ಇಲ್ಲಿ ಎಕ್ಸ್‌ಟಿ4ರ ಗುರುತಿದೆ, ತೆಗೆಯಲೇ ಎಂದು ಎಫ್‌ಡಿಸ್ಕ್ ಕೇಳಿತು. ಬೇಡ ಎಂದೆ. ಮೌಂಟ್ ಮಾಡಿ ನೋಡಿದರೆ ಒಂದು ಫೋಟೋವೂ ಕಳೆದಿರಲಿಲ್ಲ. ಹರಿದದ್ದು ಪಹಣಿ, ಹೊಲಕ್ಕೆ ಯಾರೂ ನೇಗಿಲು ಹಾಕಿರಲಿಲ್ಲ. ಫಾರ್ಮ್ಯಾಟ್ ಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆದ್ದರಿಂದ ಈ ಭಾನುವಾರ ಕೂರುವವರು ಮೊದಲು ಮುಖ್ಯವಾದದ್ದನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಕಾಗದ, ಪೆನ್ನು ಹಿಡಿಯಿರಿ. ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ ಎಂದು ಡೆಬಿಯನ್ ಕೊನೆಗೆ ಒಮ್ಮೆ ಕೇಳುತ್ತದೆ, ಉತ್ತರವನ್ನು ಮೊದಲೇ ‘ಇಲ್ಲ’ದ ಮೇಲೆ ಇಟ್ಟುಕೊಂಡು. ಆಗ ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಕಾಗದಕ್ಕೂ ಪರದೆಗೂ ತಾಳೆ ನೋಡಿ. ಸರಿ ಇದ್ದರೆ ಮಾತ್ರ ‘ಹೌದು’.