ಬಂಗಲೆಯ ಬುಡದಲ್ಲಿ ಯಾರಿದ್ದಾರೆ?

ಹಳೇ ಮನೆ ಶಿಥಿಲವಾದಾಗ ಎರಡು ಮಾತು ಹುಟ್ಟುತ್ತವೆ. ರಿಪೇರಿ ಮಾಡಿಸೋಣ ಅನ್ನೋದು ಒಂದು, ಕೆಡವಿ ಹೊಸದು ಕಟ್ಟೋಣ ಅನ್ನೋದು ಇನ್ನೊಂದು. ಬಡವನ ಮನೆಯಾದರೆ ಒಂದು ಜೋರು ಮಳೆ ಈ ಚರ್ಚೆಯನ್ನು ಮುಗಿಸಿಬಿಡುತ್ತದೆ. ದೊಡ್ಡವರ ಮನೆಯಾದರೆ ವರ್ಷಗಟ್ಟಲೆ ನಡೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಸ್ಯಾನ್ ಡಿಯೇಗೊ ಕ್ಯಾಂಪಸ್ಸಿನ ಚಾನ್ಸೆಲರ್ ಬಂಗಲೆಯ ವಿಷಯದಲ್ಲಿ 2004ರಿಂದ 2014ರವರೆಗೆ, ಹತ್ತು ವರ್ಷ ಎಳೆದಾಡಿದ್ದು ಇದೇ ಮಾತು. ಚಾನ್ಸೆಲರ್ ಅಂದರೆ ಅಲ್ಲಿ ಕ್ಯಾಂಪಸ್ಸಿನ ಮುಖ್ಯಸ್ಥರು. ನಮ್ಮ ವೈಸ್ ಚಾನ್ಸೆಲರ್ ಇದ್ದ ಹಾಗೆ.

ಅಷ್ಟು ದೂರದ ಬಂಗಲೆಯ ಗೊಡವೆ ನಮಗ್ಯಾಕೆ ಅಂತ ಓದುಗ ಗೆಳೆಯರು ಕೇಳಬಹುದು. ಆ ಬಂಗಲೆ ನಿಂತಿರುವುದು ಹೆಣ ಹೂತ ನೆಲದ ಮೇಲೆ. ಹೂತದ್ದು ಆ ನಾಡಿನ ಮೂಲನಿವಾಸಿಗಳನ್ನು. ಸತ್ತವರನ್ನು ಮಣ್ಣು ಮಾಡಲು ಮೂರಡಿ ಆರಡಿ ಜಾಗ ಸಿಗದೆ ಕಚೇರಿ ಮುಂದೆ ಹೆಣ ಇಟ್ಟುಕೊಂಡು ಕೂರುವ ಸುದ್ದಿ ನಮ್ಮ ಕೇರಿಗಳಿಂದ ಈಗಲೂ ಬರುತ್ತದೆ. ಹೀಗಿರುವಾಗ ಈ ಬಂಗಲೆಯ ಕತೆ ನಮಗೆ ಪರಕೀಯ ಅಲ್ಲ. ಅದನ್ನು ಒಂದು ಕೃತಿಯ ಹಾಗೆ ಓದಿ ವಿಮರ್ಶೆ ಮಾಡುವುದು ನಮ್ಮ ಕೆಲಸವೇ ಅಂತ ನಾವು ತಿಳಿದಿದ್ದೇವೆ.

ಮೊದಲು ಗೋಡೆಗಳನ್ನು ನೋಡೋಣ. ಲಾ ಹೋಯಾ ಎಂಬಲ್ಲಿ, ಸಮುದ್ರಕ್ಕೆ ಮುಖ ಮಾಡಿದ ದಿಬ್ಬದ ಮೇಲೆ, ಸುಮಾರು 7 ಎಕರೆಯ ನಡುವೆ ಈ ಮನೆ ಇದೆ. ವಿಲಿಯಂ ಬ್ಲ್ಯಾಕ್ ಎಂಬ ತೈಲೋದ್ಯಮಿ ತನ್ನ ವಾಸಕ್ಕೆಂದು ಕಟ್ಟಿಸಿದ್ದು; 1950ರ ದಶಕದ ಆರಂಭದಲ್ಲಿ ಮುಗಿಯಿತು. ವಿಶ್ವವಿದ್ಯಾನಿಲಯ ಅದನ್ನು 1967ರಲ್ಲಿ ಕೊಂಡುಕೊಂಡಿತು. ನಕ್ಷೆ ಹಾಕಿದವರು ನ್ಯೂ ಮೆಕ್ಸಿಕೊದ ವಿಲಿಯಂ ಲಂಪ್ಕಿನ್ಸ್. ಚಿತ್ರಕಾರರೂ ಹೌದು, ಮಣ್ಣಿನ ಕಟ್ಟಡವನ್ನು ಮನಸಾರೆ ಪ್ರೀತಿಸಿದ ವಾಸ್ತುಶಿಲ್ಪಿಯೂ ಹೌದು. ಮಣ್ಣಿಗೆ ಹುಲ್ಲು ಕಲಸಿ, ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯನ್ನು ಅಲ್ಲಿ ಅಡೋಬಿ ಅಂತಾರೆ. ಆ ಇಟ್ಟಿಗೆಯ ದಪ್ಪ ಗೋಡೆ, ಮಟ್ಟಸ ಮಾಳಿಗೆ, ಮರದ ದಿಮ್ಮಿಗಳ ತೊಲೆ. ಸುಮಾರು 11 ಸಾವಿರ ಚದರಡಿ.

ಹಸಿ ಇಟ್ಟಿಗೆ ಅಂದರೇನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಂಥ ಗೋಡೆಗಳ ಒಳಗೇ ನಾವು ಹುಟ್ಟಿದ್ದು. ವರ್ಷವರ್ಷ ಕೆಮ್ಮಣ್ಣು ಮೆತ್ತಿ, ಸಗಣಿ ಸಾರಿಸಿ ಅದನ್ನು ಉಳಿಸಿಕೊಂಡವರು ನಮ್ಮ ತಾಯಂದಿರು. ಅದನ್ನು ಯಾರೂ ಶೈಲಿ ಅನ್ನಲಿಲ್ಲ, ದಾರಿದ್ರ್ಯ ಅಂದರು. ಅದೇ ಮಣ್ಣು ಸಿರಿವಂತನ ದಿಬ್ಬ ಹತ್ತಿದ ಕೂಡಲೇ ಅದಕ್ಕೊಂದು ಹೆಸರು ಬಂತು: ‘ಪ್ಯೂಬ್ಲೊ ಶೈಲಿ’. ಪ್ಯೂಬ್ಲೊ ಅನ್ನೋದು ನ್ಯೂ ಮೆಕ್ಸಿಕೊ ಕಡೆಯ ಮೂಲನಿವಾಸಿಗಳ ಹೆಸರು. ಅವರು ಕಟ್ಟಿದ ಮನೆಗಳನ್ನು ನೋಡಿ ಕಲಿತ ಚೆಲುವು ಇದು.

ಇಲ್ಲಿ ನಮ್ಮ ಆಕ್ಷೇಪ ಲಂಪ್ಕಿನ್ಸ್ ಅವರ ಕೈಚಳಕದ ಮೇಲಲ್ಲ. ಲಾ ಹೋಯಾದ ನೆಲ ಪ್ಯೂಬ್ಲೊ ಜನರದೇ ಅಲ್ಲ. ಅದು ಕುಮೆಯಾಯ್ ಜನರದು. ಅವರ ಮನೆಯ ರೀತಿ ಬೇರೆ: ಕೊಂಬೆಗಳನ್ನು ಬಗ್ಗಿಸಿ ಕಟ್ಟಿ, ಮೇಲೆ ಜೊಂಡು ಹೊದಿಸಿದ ದುಂಡು ಗುಡಿಸಲು. ಅಂದರೆ ಒಂದು ಜನಾಂಗದ ನೆಲದ ಮೇಲೆ, ನೂರಾರು ಮೈಲಿ ಆಚೆಯ ಇನ್ನೊಂದು ಜನಾಂಗದ ಮನೆಯ ನಕಲು ತಂದು ನಿಲ್ಲಿಸಲಾಯಿತು. ಒಬ್ಬರಿಂದ ಚೆಲುವು ತೆಗೆದುಕೊಂಡರು, ಇನ್ನೊಬ್ಬರಿಂದ ನೆಲ ತೆಗೆದುಕೊಂಡರು. ಉಳ್ಳವರ ಕಣ್ಣಿಗೆ ಇಬ್ಬರೂ ಒಂದೇ ‘ಇಂಡಿಯನ್ನರು’. ಬೆವರಿನ ಜನರ ಹಾಡು, ಕುಣಿತ, ಕಸೂತಿ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಜಾನಪದ ಅನ್ನೋ ಪಂಡಿತರು ನಮ್ಮಲ್ಲೂ ಇದ್ದಾರಲ್ಲ, ಅವರ ಕಣ್ಣೂ ಇಂಥದೇ.

ನೆಲ ಹೇಗೆ ಹೋಯಿತು ಅನ್ನೋದನ್ನೂ ಹೇಳಿಬಿಡಬೇಕು. 1769ರಲ್ಲಿ ಸ್ಪೇನಿನವರು ಸ್ಯಾನ್ ಡಿಯೇಗೊಗೆ ಬಂದು ಕ್ರೈಸ್ತ ಮಿಷನ್ ಹೂಡಿದರು. 1775ರಲ್ಲಿ ಕುಮೆಯಾಯ್ ಜನ ಬಂಡೆದ್ದು ಆ ಮಿಷನ್ ಸುಟ್ಟರು. 1850ರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕದ ರಾಜ್ಯವಾಯಿತು. ಮುಂದಿನೆರಡು ವರ್ಷಗಳಲ್ಲಿ ಸರ್ಕಾರದ ಕಮಿಷನರುಗಳು ಅಲ್ಲಿನ ಮೂಲನಿವಾಸಿಗಳ ಜೊತೆ 18 ಒಪ್ಪಂದ ಮಾಡಿಕೊಂಡರು. ಕುಮೆಯಾಯ್ ಮುಖಂಡರೂ ಗುರುತು ಹಾಕಿದರು. ಅಮೆರಿಕದ ಸೆನೆಟ್ 1852ರಲ್ಲಿ ಆ ಹದಿನೆಂಟನ್ನೂ ತಿರಸ್ಕರಿಸಿ, ಕಾಗದಗಳನ್ನು ಗುಟ್ಟಾಗಿಟ್ಟಿತು. ಅವು ಹೊರಬಿದ್ದದ್ದು 1905ರಲ್ಲಿ. ಅರ್ಧ ಶತಮಾನ ಮುಚ್ಚಿಟ್ಟ ಕಾಗದದ ಮೇಲೆ ಕಡಲತೀರದ ರೇಟು ಏರಿತು, ನೆಲದ ಒಡೆಯರು ಬೆಟ್ಟದಾಚೆಯ ಮೀಸಲು ನೆಲಗಳಿಗೆ ಸರಿದರು. ಅಂಥ ಕಡಲತೀರದಲ್ಲಿ ಒಂದು ತುಂಡನ್ನು ಬ್ಲ್ಯಾಕ್ ಕೊಂಡರು, ಬ್ಲ್ಯಾಕ್ ಕೈಯಿಂದ ವಿಶ್ವವಿದ್ಯಾನಿಲಯ ಕೊಂಡಿತು. ಕ್ರಯಪತ್ರದ ಪ್ರಕಾರ ಎಲ್ಲವೂ ಸರಿ. ಕ್ರಯಪತ್ರ ಹೇಳದಿರುವುದನ್ನು ಮಣ್ಣು ಹೇಳಿತು.

1976ರಲ್ಲಿ ಆ ಬಂಗಲೆಯ ಹಿತ್ತಲಲ್ಲಿ ಉತ್ಖನನ ನಡೆದಾಗ ಇಬ್ಬರ ಅಸ್ಥಿಪಂಜರಗಳು ಸಿಕ್ಕವು. ವಯಸ್ಸು ಸುಮಾರು 9,000 ವರ್ಷ! ಅಮೆರಿಕ ಖಂಡಗಳಲ್ಲಿ ಸಿಕ್ಕ ಅತಿ ಹಳೆಯ ಮನುಷ್ಯ ಎಲುಬುಗಳಲ್ಲಿ ಇವೂ ಸೇರಿವೆ. ಅಂದಿನಿಂದ ಆ ಎಲುಬುಗಳು ಪೆಟ್ಟಿಗೆಯೊಳಗೆ ಸೇರಿ, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ, ಮ್ಯೂಜಿಯಮ್ಮಿನಿಂದ ಮ್ಯೂಜಿಯಮ್ಮಿಗೆ ತಿರುಗಿದವು. ಬಂಗಲೆಯಲ್ಲಿ ಮಾತ್ರ ಎಂದಿನಂತೆ ಅತಿಥಿಗಳ ಊಟ ನಡೆಯಿತು.

2004ರಲ್ಲಿ ಬಂಗಲೆ ವಾಸಯೋಗ್ಯವಲ್ಲ ಅಂತ ಘೋಷಣೆಯಾಯಿತು. ಕೆಡವಿ ಹೊಸದು ಕಟ್ಟುವುದೇ ಲೇಸು ಅನ್ನೋದು ಆಡಳಿತದ ಮೊದಲ ಯೋಚನೆ. ಅದಕ್ಕೆ ಎರಡು ಕಡೆಯಿಂದ ವಿರೋಧ ಬಂತು. ಕಟ್ಟಡ ಪ್ರೇಮಿಗಳು, ಇದು ಲಂಪ್ಕಿನ್ಸ್ ಅವರ ಅಪರೂಪದ ಕೃತಿ, ಮುಟ್ಟಬೇಡಿ ಅಂದರು. ಕುಮೆಯಾಯ್ ಜನ, ಇದು ನಮ್ಮವರನ್ನು ಹೂತ ಜಾಗ, ಅಗೆಯಬೇಡಿ ಅಂದರು. ಕೊನೆಗೆ ಕೆಡವುವ ಯೋಚನೆ ಬಿದ್ದುಹೋಯಿತು. ಸುಮಾರು ಒಂದು ಕೋಟಿ ಡಾಲರ್ ಖರ್ಚಿನಲ್ಲಿ, ದಾನಿಗಳ ಹಣದಿಂದ, ಜೀರ್ಣೋದ್ಧಾರವಾಯಿತು. 2014ರಲ್ಲಿ ಭಾರತದಲ್ಲಿ ಹುಟ್ಟಿದ ಚಾನ್ಸೆಲರ್ ಪ್ರದೀಪ್ ಖೋಸ್ಲಾ ಅವರ ಕಾಲದಲ್ಲಿ ಮನೆ ಮತ್ತೆ ಬಾಗಿಲು ತೆರೆಯಿತು. ಈಗ ಅದಕ್ಕೆ ಆಡ್ರಿ ಗೈಸೆಲ್ ಎಂಬ ದಾನಿಯ ಹೆಸರಿದೆ.

ಫಲಿತಾಂಶ ಒಂದೇ ಅಂತ ಎರಡು ವಿರೋಧಗಳನ್ನು ಒಂದೇ ಅಂದುಕೊಳ್ಳಬಾರದು. ಕಟ್ಟಡ ಪ್ರೇಮಿಗಳಿಗೆ ಗೋಡೆ ಮುಖ್ಯ, ಕುಮೆಯಾಯ್ ಜನರಿಗೆ ಗೋಡೆಯ ಕೆಳಗಿನದು ಮುಖ್ಯ. ಕೆಡವಿದ್ದರೆ ಹೊಸ ಪಾಯಕ್ಕೆ ಗುಂಡಿ ತೋಡಬೇಕಿತ್ತು, ಇನ್ನಷ್ಟು ಗೋರಿಗಳಿಗೆ ಹಾರೆ ಬೀಳುತ್ತಿತ್ತು. ಆ ಮಟ್ಟಿಗೆ ರಿಪೇರಿಯೇ ಸರಿ ಅಂತ ನಾವೂ ಒಪ್ಪುತ್ತೇವೆ. ಆದರೆ ಒಂದು ವಿಚಿತ್ರ ಗಮನಿಸಿ. ಅರವತ್ತು ವರ್ಷದ ನಕಲು ಗೋಡೆಗೆ ‘ಪರಂಪರೆ’ ಅನ್ನೋ ಪಟ್ಟ ಸಿಕ್ಕಿತು, ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಒಂಬತ್ತು ಸಾವಿರ ವರ್ಷದ ಮನುಷ್ಯರಿಗೆ ಸಿಕ್ಕಿದ್ದು ‘ಮಾದರಿ’ ಅನ್ನೋ ಹೆಸರು. ಗೋಡೆ ಬಿರುಕುಬಿಟ್ಟರೆ ಮರುಗುವ ವಿದ್ಯಾವಂತ ಮನಸ್ಸು ಎಲುಬಿನ ಪೆಟ್ಟಿಗೆಗೆ ನಂಬರು ಹಚ್ಚುವಾಗ ಯಾಕೆ ಮರುಗಲಿಲ್ಲ?

ಎಲುಬುಗಳ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಮೂಲನಿವಾಸಿಗಳ ಅಸ್ಥಿಗಳನ್ನು ಅವರವರಿಗೆ ಹಿಂತಿರುಗಿಸಬೇಕು ಅನ್ನೋ ಕಾನೂನು ಅಮೆರಿಕದಲ್ಲಿ 1990ರಲ್ಲಿ ಬಂದಿತ್ತು. ಕುಮೆಯಾಯ್ ಜನರ 12 ಪಂಗಡಗಳ ಪರವಾಗಿ ಒಂದು ಸಮಿತಿ ಎಲುಬುಗಳನ್ನು ಕೇಳಿತು. ಸಾಂಸ್ಕೃತಿಕ ನಂಟು ಸಾಬೀತಾಗಿಲ್ಲ ಅಂದಿತು ವಿಶ್ವವಿದ್ಯಾನಿಲಯ. 2010ರಲ್ಲಿ ನಿಯಮ ಬದಲಾಯಿತು: ನಂಟು ಸಾಬೀತಾಗದಿದ್ದರೂ ಎಲುಬು ಸಿಕ್ಕ ನೆಲ ಯಾರದಾಗಿತ್ತೋ ಅವರಿಗೆ ಕೊಡಬೇಕು. ವಿಶ್ವವಿದ್ಯಾನಿಲಯ ಕೊಡಲು ಹೊರಟಾಗ ಅದರದೇ ಮೂವರು ಪ್ರಾಧ್ಯಾಪಕರು ಕೋರ್ಟಿಗೆ ಹೋದರು. 2014ರಲ್ಲಿ ಮೇಲಿನ ಕೋರ್ಟು, ಈ ಪಂಗಡಗಳನ್ನು ಬಿಟ್ಟು ದಾವೆ ನಡೆಸುವಂತಿಲ್ಲ, ಅವರ ಒಪ್ಪಿಗೆಯಿಲ್ಲದೆ ಅವರನ್ನು ದಾವೆಗೆ ಎಳೆಯುವಂತೆಯೂ ಇಲ್ಲ ಅಂತ ತಳ್ಳಿಹಾಕಿತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿ ಎತ್ತಿಕೊಳ್ಳಲಿಲ್ಲ. ಎಲುಬುಗಳು ಕುಮೆಯಾಯ್ ಜನರಿಗೆ ಮರಳಿದವು. ನಲವತ್ತು ವರ್ಷ ಬೇಕಾಯಿತು. ಗೆದ್ದದ್ದೂ ಸತ್ತವರ ಗೌರವ ಅಲ್ಲ, ಕಾನೂನಿನ ಒಂದು ಕಲಮು.

ಈಗ ನಮ್ಮ ಪಾಳೆಯದಿಂದಲೇ ಏಳುವ ಪ್ರಶ್ನೆ. ‘ನಾವು ವಿಚಾರವಾದಿಗಳು. ದೇವರು, ಪೂರ್ವಜರ ಆತ್ಮ ಅಂತ ಹೇಳುವವರ ಮಾತಿಗೆ ಮಣಿದು ವಿಜ್ಞಾನದ ಬಾಗಿಲು ಮುಚ್ಚಬೇಕೆ? ಆ ಎಲುಬುಗಳಿಂದ ಮನುಕುಲದ ಚರಿತ್ರೆ ತಿಳಿಯುತ್ತಿತ್ತಲ್ಲ?’ ಪ್ರಶ್ನೆ ಹಗುರದ್ದಲ್ಲ. ಮೌಢ್ಯದ ವಿರುದ್ಧ ಬೀದಿಗಿಳಿದ ನಾವು ಇದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುವಂತಿಲ್ಲ.

ಉತ್ತರಕ್ಕೆ ಇನ್ನೊಂದು ಪ್ರಕರಣ ನೋಡಬೇಕು. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿಯ ದಡದಲ್ಲಿ, ಕೆನೆವಿಕ್ ಎಂಬಲ್ಲಿ, ಸುಮಾರು 8,500 ವರ್ಷದ ಅಸ್ಥಿಪಂಜರ ಸಿಕ್ಕಿತು. ತಲೆಬುರುಡೆಯ ಆಕಾರ ಅಳೆದು, ಇವನು ಮೂಲನಿವಾಸಿಗಳ ಪೈಕಿಯೇ ಅಲ್ಲ ಅಂದರು ಕೆಲವು ಪಂಡಿತರು. 2004ರಲ್ಲಿ ಕೋರ್ಟೂ ವಿಜ್ಞಾನಿಗಳ ಪರ ತೀರ್ಪು ಕೊಟ್ಟಿತು. ಆದರೆ 2015ರಲ್ಲಿ ಡಿಎನ್‌ಎ ಪರೀಕ್ಷೆ ಹೇಳಿದ್ದೇನು? ಇವನು ಈಗಿನ ಮೂಲನಿವಾಸಿಗಳಿಗೇ ಹತ್ತಿರದವನು ಅಂತ. ಹೋಲಿಸಿ ನೋಡಲು ತಮ್ಮ ಮಾದರಿಯನ್ನು ಕೊಟ್ಟವರು ಅಲ್ಲಿನ ಕಾಲ್ವಿಲ್ ಬುಡಕಟ್ಟಿನವರೇ. 2017ರಲ್ಲಿ ಅವನನ್ನು ಮತ್ತೆ ಮಣ್ಣು ಮಾಡಿದರು.

ನೋಡಿ, ಅಜ್ಜ ಅಂತ ಹೇಳಿದವರ ಮಾತು ನಿಜವಾಯಿತು, ಬುರುಡೆ ಅಳೆದವರ ಮಾತು ಸುಳ್ಳಾಯಿತು. ಅದನ್ನು ಸಾಬೀತು ಮಾಡಿದ್ದೂ ವಿಜ್ಞಾನವೇ. ಕೇಳಿ, ಒಪ್ಪಿಸಿ, ಜೊತೆಗೆ ಕೂರಿಸಿಕೊಂಡು ನಡೆದಾಗ ವಿಜ್ಞಾನದ ಬಾಗಿಲು ಮುಚ್ಚಲಿಲ್ಲ. ಕುಮೆಯಾಯ್ ಜನರ ಸೃಷ್ಟಿಕತೆಯನ್ನು ನಾವು ನಂಬಬೇಕಾಗಿಲ್ಲ. ಅವರ ಅಜ್ಜಿಯ ಎಲುಬನ್ನು ಅವರನ್ನು ಕೇಳದೆ ಯಾರೂ ಇಟ್ಟುಕೊಳ್ಳಬಾರದು ಅನ್ನಲು ಆ ನಂಬಿಕೆ ಬೇಕಿಲ್ಲ. ‘ಮನುಕುಲದ ಆಸ್ತಿ’ ಅನ್ನೋ ದೊಡ್ಡ ಮಾತು ಯಾವಾಗಲೂ ಸೋತವರ ಗೋರಿಯ ಮೇಲೇ ಯಾಕೆ ಬೀಳುತ್ತದೆ? ಗೆದ್ದವರ ಕುಟುಂಬದ ಸ್ಮಶಾನವನ್ನು ಮನುಕುಲದ ಹೆಸರಲ್ಲಿ ಅಗೆದು ಪೆಟ್ಟಿಗೆಗೆ ತುಂಬಿದ್ದನ್ನು ನಾವಂತೂ ಕೇಳಿಲ್ಲ.

ಹಾಗಾದರೆ ಬಂಗಲೆಯನ್ನು ಏನು ಮಾಡಬೇಕಿತ್ತು? ರಿಪೇರಿ, ಇಲ್ಲವೇ ಹೊಸದು ಅನ್ನೋ ಎರಡೇ ದಾರಿ ತೋರಿಸುವುದೇ ಯಜಮಾನಿಕೆಯ ಜಾಣತನ. ಎರಡರಲ್ಲೂ ಬಂಗಲೆ ಉಳಿಯುತ್ತದೆ, ಒಡೆತನ ಉಳಿಯುತ್ತದೆ. ಮೂರನೇ ದಾರಿಯೊಂದಿದೆ: ನೆಲವನ್ನು ಹಿಂತಿರುಗಿಸುವುದು. ಇದು ಕವಿಯ ಕನಸು ಅಂತ ನಗಬೇಡಿ. ಅದೇ ಕ್ಯಾಲಿಫೋರ್ನಿಯಾದ ಯುರೇಕ ನಗರಸಭೆ 2019ರಲ್ಲಿ ಟುಲುವಾಟ್ ದ್ವೀಪದ ಸುಮಾರು 200 ಎಕರೆಯನ್ನು ವಿಯೊಟ್ ಜನರಿಗೆ ಬಿಟ್ಟುಕೊಟ್ಟಿತು. 1860ರಲ್ಲಿ ವಲಸೆ ಬಂದ ಬಿಳಿಯರು ಆ ಜನರ ಹೆಂಗಸರು ಮಕ್ಕಳನ್ನು ಕಗ್ಗೊಲೆ ಮಾಡಿದ ದ್ವೀಪ ಅದು. ಒಂದು ಸಣ್ಣ ಊರಿನ ನಗರಸಭೆಗೆ ಆದದ್ದು ಜಗತ್ತಿನ ದೊಡ್ಡ ವಿಶ್ವವಿದ್ಯಾನಿಲಯವೊಂದಕ್ಕೆ ಆಗಲ್ಲ ಅಂದರೆ ಅದು ಶಕ್ತಿಯ ಕೊರತೆ ಅಲ್ಲ.

ಕಾಲೇಜು ಓದುವ ಗೆಳೆಯರಿಗೆ, ಹಳ್ಳಿ ಶಾಲೆಯ ಮೇಷ್ಟರುಗಳಿಗೆ ನಮ್ಮ ಕೋರಿಕೆ ಇಷ್ಟೆ. ನಾಳೆ ನಿಮ್ಮೂರಲ್ಲೂ ಯಾವುದೋ ಹಳೇ ಕಟ್ಟಡದ ಜೀರ್ಣೋದ್ಧಾರದ ಮಾತು ಬರುತ್ತದೆ. ಖರ್ಚೆಷ್ಟು, ಕಂಬ ಎಷ್ಟು ಹಳೆಯದು ಅಂತ ಕೇಳುವವರು ಬೇಕಾದಷ್ಟು ಜನ ಇರ್ತಾರೆ. ಈ ಜಾಗ ಮೊದಲು ಯಾರದಿತ್ತು, ಅವರನ್ನು ಎಬ್ಬಿಸಿದ್ದು ಯಾರು, ಈಗ ಅವರನ್ನು ಕೇಳಿದಿರಾ ಅಂತ ಕೇಳಲು ಒಬ್ಬರಾದರೂ ಎದ್ದು ನಿಲ್ಲಬೇಕು. ಸಭೆ ಸಿಟ್ಟಾಗುತ್ತದೆ. ಆಗಲಿ.