ಹಾರ್ನ್ ಕೂಗಿದರೆ ಸಾಕೇ? – ಒಂದು ಪುಸ್ತಕ ಮತ್ತು ಒಂದು ಹಳೆಯ ಜಾವಾ

ಹಳೆಯ ಮೋಟಾರ್‌ಸೈಕಲನ್ನು ಮನೆಯಲ್ಲೇ ಬಿಚ್ಚಿ ಸರಿಪಡಿಸುವ ಹವ್ಯಾಸ ನಿಮಗಿದ್ದರೆ, ರಾಬರ್ಟ್ ಎಂ. ಪಿರ್ಸಿಗ್ ಬರೆದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕದ ಹೆಸರನ್ನು ಕೇಳಿರುತ್ತೀರಿ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಕೃತಿಯಲ್ಲಿ ತಂದೆ-ಮಗ ಬೈಕಿನ ಮೇಲೆ ಕೈಗೊಂಡ ದೀರ್ಘ ಪ್ರಯಾಣದ ಕಥೆಯಿದೆ, ತತ್ತ್ವಶಾಸ್ತ್ರವಿದೆ, ಯಂತ್ರದ ದುರಸ್ತಿಯೂ ಇದೆ. ವೈಜ್ಞಾನಿಕ ವಿಧಾನ ಎಂದರೇನೆಂದು ತಿಳಿಸಲು ಇದನ್ನು ವಿದ್ಯಾರ್ಥಿಗಳಿಗೆ ಓದಿಸಬಹುದೆಂಬ ಮಾತೂ ಕೇಳಿಬರುತ್ತದೆ. ಓದಿಸಬಹುದೇ? ಆ ವಿಧಾನವನ್ನು ನಮ್ಮ ಕೈಗೆ ಸಿಗುವ ಒಂದು ಯಂತ್ರಕ್ಕೆ ಅನ್ವಯಿಸಿ ನೋಡೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವುಗಳಲ್ಲಿ ಹಳೆಯ ಜಾವಾ 250 ನಮ್ಮ ಉದ್ದೇಶಕ್ಕೆ ತಕ್ಕುದಾಗಿದೆ. ಅದು ಒಂದೇ ಸಿಲಿಂಡರಿನ ಎರಡು ಸ್ಟ್ರೋಕ್ ಎಂಜಿನ್. ವಿದ್ಯುತ್ತಿಗೆ 6 ವೋಲ್ಟಿನ ಡೈನಮೊ.

ಪುಸ್ತಕದ ಬಲ

ಮೊದಲು ಮೆಚ್ಚಬೇಕಾದ ಅಂಶಗಳನ್ನು ನೋಡೋಣ. ದುರಸ್ತಿಯೆಂದರೆ ಕೈಕೆಲಸ ಮಾತ್ರವಲ್ಲ, ಅದು ಹೆಚ್ಚಾಗಿ ಯೋಚನೆಯ ಕೆಲಸ ಎಂಬುದನ್ನು ಪಿರ್ಸಿಗ್ ಬಹಳ ಸ್ಪಷ್ಟವಾಗಿ ತೋರಿಸುತ್ತಾರೆ. ಸಮಸ್ಯೆಯನ್ನು ಬರೆದುಕೊಳ್ಳುವುದು, ಕಾರಣವನ್ನು ಊಹಿಸುವುದು, ಊಹೆಯನ್ನು ಪ್ರಯೋಗದಿಂದ ಪರೀಕ್ಷಿಸುವುದು, ಪ್ರಯೋಗ ತೋರಿಸಿದ್ದಕ್ಕಿಂತ ಹೆಚ್ಚಿನ ತೀರ್ಮಾನಕ್ಕೆ ಹಾರದಿರುವುದು – ಅನುಗಮನ, ನಿಗಮನಗಳ ಈ ಪಾಠವನ್ನು ಇಷ್ಟು ಸೊಗಸಾಗಿ ಹೇಳಿದ ಪುಸ್ತಕಗಳು ಕಡಿಮೆ. ಬಿಚ್ಚಿದ ಭಾಗಗಳನ್ನು ನೆಲದ ಮೇಲೆ ಹಾಸಿದ ವೃತ್ತಪತ್ರಿಕೆಯ ಮೇಲೆ, ಪುಟ ಓದುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಡಿ ಎಂಬ ಸಲಹೆಯನ್ನು ನಾಳೆಯೇ ಪಾಲಿಸಬಹುದು.

ಕೋತಿಯನ್ನು ಹಿಡಿಯುವ ಒಂದು ದಕ್ಷಿಣ ಭಾರತದ ಉಪಾಯವನ್ನೂ ಅವರು ಉದಾಹರಿಸುತ್ತಾರೆ. ತೂತು ಕೊರೆದ ತೆಂಗಿನಕಾಯಿಯೊಳಗೆ ಅನ್ನವಿರುತ್ತದೆ. ಕೋತಿ ಕೈಹಾಕಿ ಮುಷ್ಟಿ ಕಟ್ಟುತ್ತದೆ. ಮುಷ್ಟಿ ಬಿಟ್ಟರೆ ಕೈ ಹೊರಬರುತ್ತದೆ, ಆದರೆ ಅದು ಬಿಡುವುದಿಲ್ಲ. ‘ಬ್ಯಾಟರಿಯೇ ಸರಿಯಿಲ್ಲ’ ಎಂದು ನಂಬಿ ಮೂರು ಬ್ಯಾಟರಿ ಬದಲಾಯಿಸಿದವರು ಈ ಕೋತಿಯ ಕಷ್ಟವನ್ನು ಬಲ್ಲರು.

ಮತ್ತೆ ಮತ್ತೆ ಸೀಜ್ ಆಗುವ ಎಂಜಿನ್

ಪುಸ್ತಕದ ಒಂದು ಪ್ರಸಂಗದಲ್ಲಿ ಎಂಜಿನ್ ಪದೇಪದೇ ಸೀಜ್ ಆಗುತ್ತದೆ. ವರ್ಕ್‌ಶಾಪಿನವರು ಕಾರಣ ಹುಡುಕದೆ ಭಾಗಗಳನ್ನು ಬಿಚ್ಚಿ ಕೂಡಿಸುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ, ಎಂಜಿನ್ನಿನೊಳಗೆ ಎಣ್ಣೆ ಹರಿಸುವ ವ್ಯವಸ್ಥೆಯಲ್ಲಿ ಕೆಲವೇ ಕಾಸಿನ ಒಂದು ಪಿನ್ ತುಂಡಾಗಿತ್ತು. ಜಾವಾದಲ್ಲೂ ಇಂಥದೇ ತಪ್ಪು ನಡೆಯಬಹುದು, ಕಾರಣ ಮಾತ್ರ ಬೇರೆ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಂದಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಆಧಾರ. ಕ್ರ್ಯಾಂಕ್‌ಶಾಫ್ಟಿನ ಆಯಿಲ್ ಸೀಲ್ ಸವೆದರೆ ಹೊರಗಿನ ಗಾಳಿ ಒಳನುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ. ಸೀಲನ್ನು ಹಾಗೆಯೇ ಬಿಟ್ಟು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಅದೂ ಸೀಜ್ ಆಗುವುದು ಖಚಿತ.

ಇಲ್ಲಿಯವರೆಗೆ ಪಿರ್ಸಿಗ್ ಹೇಳುವ ತರ್ಕ ಸಾಕು. ಮುಂದೆ ಸಾಲದು. ಪಿಸ್ಟನ್ನಿನ ಮಿಶ್ರಲೋಹದ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 20. ಎರಕದ ಕಬ್ಬಿಣದ್ದು ಸುಮಾರು 11. 65 ಮಿ.ಮೀ. ವ್ಯಾಸದ ಪಿಸ್ಟನ್ ಮತ್ತು ಸಿಲಿಂಡರ್ ಎರಡೂ 100 ಡಿಗ್ರಿ ಹೆಚ್ಚು ಬಿಸಿಯಾದರೆ, ಅವುಗಳ ನಡುವಿನ ಅಂತರ ಸುಮಾರು 0.06 ಮಿ.ಮೀ. ಕಡಿಮೆಯಾಗುತ್ತದೆ. ಪಿಸ್ಟನ್ ಸಿಲಿಂಡರಿಗಿಂತ ಹೆಚ್ಚು ಕಾಯುವುದರಿಂದ ನಿಜವಾದ ಇಳಿಕೆ ಇನ್ನೂ ಹೆಚ್ಚು. ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಕಡೆಯೂ ಎರಡು ದಿಕ್ಕಿನಲ್ಲಿ ಅಳೆಯಬೇಕಾದದ್ದು ಈ ಕಾರಣಕ್ಕೆ. ‘ಬಿಗಿ’, ‘ಸಡಿಲ’ ಎಂಬ ಮಾತುಗಳು ಇಲ್ಲಿ ಪ್ರಯೋಜನಕ್ಕೆ ಬಾರವು.

ಹಾರ್ನ್ ಪರೀಕ್ಷೆಯ ಮಿತಿ

ನನ್ನ ಮುಖ್ಯ ಆಕ್ಷೇಪ ಚಾರ್ಜಿಂಗ್ ವ್ಯವಸ್ಥೆಗೆ ಸಂಬಂಧಿಸಿದ್ದು. ಬ್ಯಾಟರಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹಾರ್ನ್ ಒತ್ತಿ ನೋಡುವುದೂ ಒಂದು ನಿಜವಾದ ವೈಜ್ಞಾನಿಕ ಪ್ರಯೋಗವೇ ಎಂದು ಪಿರ್ಸಿಗ್ ಹೇಳುತ್ತಾರೆ. ಪ್ರಯೋಗವೇನೋ ಹೌದು. ಆದರೆ ಅದು ಉತ್ತರಿಸುವ ಪ್ರಶ್ನೆ ಯಾವುದು? ಈ ಕ್ಷಣದಲ್ಲಿ ಬ್ಯಾಟರಿಯಲ್ಲಿ ಒಂದಿಷ್ಟು ವಿದ್ಯುತ್ತಿದೆ ಎಂಬುದಷ್ಟೇ. ಡೈನಮೊ ಆ ಬ್ಯಾಟರಿಯನ್ನು ತುಂಬುತ್ತಿದೆಯೇ ಎಂಬುದಕ್ಕೆ ಹಾರ್ನಿನ ಬಳಿ ಉತ್ತರವಿಲ್ಲ. ಡೈನಮೊ ಪೂರ್ತಿ ಕೆಟ್ಟಿದ್ದರೂ ಹಗಲಿನಲ್ಲಿ ಹಾರ್ನ್ ಚೆನ್ನಾಗಿಯೇ ಕೂಗೀತು. ಸಂಜೆ ಸುಮಾರು 40 ವ್ಯಾಟಿನ ದೀಪಗಳನ್ನು ಹಾಕಿದಿರೆನ್ನಿ. 6 ವೋಲ್ಟಿನಲ್ಲಿ ಅವು ಸೆಳೆಯುವ ಪ್ರವಾಹ ಸುಮಾರು 6.7 ಆಂಪಿಯರ್. 12 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ಗಂಟೆಯೂ ಬಾಳದು.

ಇದರ ಬದಲು ಮಲ್ಟಿಮೀಟರಿನಿಂದ ಬ್ಯಾಟರಿಯ ಮೇಲೆ ಮೂರು ಅಳತೆ ತೆಗೆದುಕೊಳ್ಳಿ. ಎಂಜಿನ್ ನಿಂತಿರುವಾಗ, ಪೂರ್ತಿ ಚಾರ್ಜ್ ಆದ ಬ್ಯಾಟರಿ 6.3ರಿಂದ 6.4 ವೋಲ್ಟ್ ತೋರಿಸಬೇಕು. ದೀಪ ಆರಿಸಿ ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿದಾಗ ಅದು 7 ವೋಲ್ಟಿನ ಆಸುಪಾಸಿಗೆ ಏರಬೇಕು. ಅದೇ ವೇಗದಲ್ಲಿ ದೀಪ ಹಾಕಿದಾಗ ಮೊದಲ ಅಳತೆಗಿಂತ ಕೆಳಗಿಳಿಯಬಾರದು. ಎಂಜಿನ್ ಓಡಿದರೂ ಅಳತೆ ಏರದಿದ್ದರೆ ಚಾರ್ಜಿಂಗ್ ಇಲ್ಲ.

ಆಗ ಡೈನಮೊದ ಟರ್ಮಿನಲ್ಲಿನಲ್ಲೇ ಅಳೆಯಿರಿ. ಅಲ್ಲಿ ತಕ್ಕಷ್ಟು ವೋಲ್ಟೇಜ್ ಇದ್ದು ಬ್ಯಾಟರಿಗೆ ತಲುಪದಿದ್ದರೆ ದೋಷ ಕಟ್‌ಔಟಿನಲ್ಲಿದೆ ಅಥವಾ ತಂತಿಯಲ್ಲಿದೆ. ಒಂದು ವೋಲ್ಟಿನಷ್ಟು ಮಾತ್ರ ಇದ್ದರೆ? ಡೈನಮೊದ ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತ್ವ ಮೊದಲು ಸಣ್ಣ ವೋಲ್ಟೇಜನ್ನು ಪ್ರೇರಿಸುತ್ತದೆ. ಅದು ಕ್ಷೇತ್ರ ಸುರುಳಿಯಲ್ಲಿ ಪ್ರವಾಹ ಹರಿಸಿ ಕಾಂತಕ್ಷೇತ್ರವನ್ನು ಬೆಳೆಸುತ್ತದೆ. ಕ್ಷೇತ್ರ ಬೆಳೆದಂತೆ ವೋಲ್ಟೇಜೂ ಬೆಳೆಯುತ್ತದೆ. ಒಂದು ವೋಲ್ಟಿನಲ್ಲೇ ನಿಂತಿದೆ ಎಂದರೆ ಆರ್ಮೇಚರ್ ಸರಿಯಿದೆ, ಆದರೆ ಕ್ಷೇತ್ರ ಸುರುಳಿಯ ಮಂಡಲ ಪೂರ್ಣಗೊಂಡಿಲ್ಲ. ಸೊನ್ನೆಯೇ ಇದ್ದರೆ ಮೊದಲು ಕಾರ್ಬನ್ ಬ್ರಷ್ಷುಗಳನ್ನು ನೋಡಿ. ಒಂದು ವೋಲ್ಟಿಗೂ ಸೊನ್ನೆಗೂ ಇರುವ ಈ ವ್ಯತ್ಯಾಸ ‘ಚಾರ್ಜ್ ಆಗುತ್ತಿಲ್ಲ’ ಎಂಬ ಒಂದೇ ಉತ್ತರದಲ್ಲಿ ಮುಚ್ಚಿಹೋಗುತ್ತದೆ.

ಕಿಲುಬು ಹಿಡಿದ ಅರ್ಥಿಂಗ್ ಜೋಡಣೆಯದೂ ಇದೇ ಕಥೆ. ಅಲ್ಲಿ ಕೇವಲ 0.1 ಓಮ್ ರೋಧವಿದ್ದರೆ 6 ಆಂಪಿಯರಿಗೆ 0.6 ವೋಲ್ಟ್ ನಷ್ಟ, ಅಂದರೆ ಶೇಕಡಾ 10. ತಂತು ದೀಪದ ಬೆಳಕು ಇದರಿಂದ ಹೆಚ್ಚುಕಡಿಮೆ ಶೇಕಡಾ 30 ಕುಗ್ಗುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ರಸ್ತೆಯ ಗುಂಡಿ ಮಾತ್ರ ಕಾಣುವುದಿಲ್ಲ! ‘ಜಾವಾ ದೀಪ ಮಂಕು, 12 ವೋಲ್ಟಿಗೆ ಬದಲಾಯಿಸಿ’ ಎಂಬ ಸಲಹೆಗೆ ಕಿವಿಗೊಟ್ಟು ಮೂಲ ಡೈನಮೊವನ್ನು ಗುಜರಿಗೆ ಹಾಕುವ ಮುನ್ನ ಈ 0.1 ಓಮನ್ನು ಹುಡುಕುವುದು ಒಳ್ಳೆಯದು.

ಶಿಕ್ಷಕರಿಗೆ ಒಂದು ಮಾತು

ಮೋಟಾರ್‌ಸೈಕಲ್ಲಿನ ವಾಸ್ತವಾಂಶಗಳಿಗಾಗಿ ತಮ್ಮ ಪುಸ್ತಕವನ್ನು ಹೆಚ್ಚು ನೆಚ್ಚಬಾರದೆಂದು ಪಿರ್ಸಿಗ್ ಆರಂಭದಲ್ಲೇ ಎಚ್ಚರಿಸುತ್ತಾರೆ. ಅಳತೆಯ ಉಪಕರಣಗಳ ಪ್ರಸ್ತಾಪವೂ ಪುಸ್ತಕದಲ್ಲಿ ಇಲ್ಲದಿಲ್ಲ. ಹೀಗಾಗಿ ದುರಸ್ತಿ ಕೈಪಿಡಿಯಲ್ಲಿರುವ ವಿವರ ಇಲ್ಲಿಲ್ಲವೆಂದು ದೂರುವುದು ನ್ಯಾಯವಲ್ಲ. ನನ್ನ ಆಕ್ಷೇಪ ಅದಲ್ಲ. ವೈಜ್ಞಾನಿಕ ವಿಧಾನವನ್ನು ವಿವರಿಸುವ ಭಾಗದಲ್ಲೇ ಸಂಖ್ಯೆಗೆ ಸ್ಥಾನವಿಲ್ಲ. ಅಲ್ಲಿ ಊಹೆಗೆ ಸಿಗುವುದು ಹೌದು ಅಥವಾ ಇಲ್ಲ ಎಂಬ ಉತ್ತರ, ‘ಎಷ್ಟು?’ ಎಂಬ ಪ್ರಶ್ನೆ ಏಳುವುದೇ ಇಲ್ಲ. ನಮ್ಮ ಪ್ರಯೋಗಾಲಯಗಳ ಕೊರತೆಯೂ ಇದೇ. ಗ್ಯಾಲ್ವನೋಮೀಟರಿನ ಮುಳ್ಳು ಅಲುಗಾಡಿತು, ಫ್ಯಾರಡೆಯ ನಿಯಮ ಸಿದ್ಧವಾಯಿತು ಎಂದು ಬರೆದ ವಿದ್ಯಾರ್ಥಿಗೆ ನಾವು ಪೂರ್ತಿ ಅಂಕ ಕೊಡುತ್ತೇವೆ.

ಪುಸ್ತಕವನ್ನು ಓದಿಸಿ. ಜೊತೆಗೆ ಗುಜರಿ ಅಂಗಡಿಯಿಂದ ಹಳೆಯ ಡೈನಮೊ ಒಂದನ್ನು ತಂದು ತರಗತಿಯ ಮೇಜಿನ ಮೇಲಿಡಿ. ಪ್ರತಿ ಊಹೆಯ ಎದುರಿಗೂ ವಿದ್ಯಾರ್ಥಿಗಳು ನಿರೀಕ್ಷಿತ ಅಳತೆಯನ್ನು ಮೊದಲೇ ಬರೆಯಲಿ, ಅನಂತರ ದೊರೆತ ಅಳತೆಯನ್ನು ಬರೆಯಲಿ. ಎರಡೂ ಹೊಂದದಿದ್ದರೆ ಯಾವ ಭಾಗವನ್ನೂ ಬದಲಾಯಿಸದೆ, ವ್ಯತ್ಯಾಸಕ್ಕೆ ಕಾರಣವೇನೆಂದು ಅವರೇ ಹುಡುಕಲಿ.