ಕೇಳಿದ್ದನ್ನೂ ಹೇಳಿ

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಎಂಬ ರಾಕ್ ತಂಡಗಳು ಹಾಡಿದವು. ಹೋಗಿಬಂದವರ ಮಾತುಗಳನ್ನು ನಾವು ಆಸಕ್ತಿಯಿಂದ ಕೇಳಿದ್ದೇವೆ. ಎಷ್ಟು ಹೊತ್ತು ಸಾಲಿನಲ್ಲಿ ನಿಂತೆವು, ವೇದಿಕೆಗೆ ಎಷ್ಟು ಹತ್ತಿರವಿದ್ದೆವು ಎಂಬುದೆಲ್ಲ ಬರುತ್ತದೆ. ಗಿಟಾರ್ ಹೇಗಿತ್ತು, ಧ್ವನಿ ಎಲ್ಲಿ ಸೋತಿತು ಎಂಬುದು ಬರುವುದಿಲ್ಲ.

ಇದನ್ನು ಜಂಬವೆಂದು ತಳ್ಳಿಹಾಕಲಾರೆವು. ಮೆಟಾಲಿಕಾ ಇಲ್ಲಿ ಹಾಡುವ ಎರಡು ದಿನ ಮೊದಲು ದೆಹಲಿ ಬಳಿಯ ಗುರ್‌ಗಾಂವ್‌ನಲ್ಲಿ ಅದರ ಕಾರ್ಯಕ್ರಮ ನಿಂತುಹೋಗಿ, ರೊಚ್ಚಿಗೆದ್ದವರು ವೇದಿಕೆಗೇ ನುಗ್ಗಿದ್ದರು. ವರ್ಷಗಟ್ಟಲೆ ಕ್ಯಾಸೆಟ್ಟಿನಲ್ಲಷ್ಟೇ ಕೇಳಿದವರಿಗೆ ‘ನಾವೂ ಅಲ್ಲಿದ್ದೆವು’ ಎನ್ನುವುದೇ ದೊಡ್ಡ ಮಾತು.

ಆದರೂ ಮುಶಾಯಿರಾಗಳಲ್ಲಿ ಕುಳಿತು ಬೆಳೆದ ನಮಗೆ ಇಲ್ಲೊಂದು ಕೊರತೆ ಕಾಣುತ್ತದೆ. ಅಲ್ಲಿ ಕೇಳುಗ ಒಂದು ಸಾಲನ್ನು ಹಿಡಿದು ‘ಮುಕರ್ರರ್’, ಅಂದರೆ ಇನ್ನೊಮ್ಮೆ, ಎನ್ನುತ್ತಾನೆ. ಕವಿ ಮತ್ತೆ ಓದುತ್ತಾನೆ. ಆ ಒಂದೇ ಪದದಲ್ಲಿ ವಿಮರ್ಶೆಯಿದೆ.

1996ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ರೀಡಂ ಜಾಮ್‌ನಂಥ ಉಚಿತ ವೇದಿಕೆಗಳಲ್ಲಿ ನಮ್ಮೂರಿನ ಹುಡುಗರು ಹಾಡುತ್ತಾರೆ. ಮೆಟಾಲಿಕಾಗೆ ನಮ್ಮ ಅಭಿಪ್ರಾಯ ಬೇಕಿಲ್ಲ, ಇವರಿಗೆ ಬೇಕು. ಯಾವ ಹಾಡು ಮುಟ್ಟಿತು, ಯಾವುದು ಬರೀ ಗದ್ದಲವಾಯಿತು ಎಂದು ಹೇಳಬಲ್ಲವನೇ ಇವರ ನಿಜವಾದ ಅಭಿಮಾನಿ.